ಡ್ರ್ಯಾಗನ್ ನಿಧಿ: ಅಳೆಯುವ, ಹೊರುವ, ಹಂಚುವ ಬಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತ ಆಡುವ ಕಥೆಯಾಟ. ಅದರಲ್ಲಿ ಡ್ರ್ಯಾಗನ್ ಸತ್ತ ಮೇಲಿನ ಹತ್ತು ನಿಮಿಷದಲ್ಲೇ ಎಷ್ಟೋ ಆಟಗಳು ಸಪ್ಪೆಯಾಗುತ್ತವೆ. ಮೂರು ತಾಸು ಕಾದಾಡಿ ಗೆದ್ದಿರುತ್ತಾರೆ. ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಹಾಳೆ ನೋಡಿ "42,000 ಗೋಲ್ಡ್, 28,000 ಪ್ಲಾಟಿನಂ" ಎಂದು ಓದುತ್ತಾರೆ. ಆಟಗಾರರು ನಾಲ್ಕರಿಂದ ಭಾಗಿಸಿ ಬರೆದುಕೊಂಡು ಬ್ಯಾಗು ಮಡಚುತ್ತಾರೆ. ಅಷ್ಟು ವರ್ಷ ಕೂಡಿಟ್ಟ ನಿಧಿ ಒಂದು ಭಾಗಾಕಾರದಲ್ಲಿ ಕರಗಿಹೋಗುತ್ತದೆ.

ನಮ್ಮ ಕಡೆಯ ಅಜ್ಜಿಯರು ನಿಧಿಯ ಕಥೆ ಹೇಳುವಾಗ ಅಂಕಿ ಹೇಳುವುದಿಲ್ಲ. ಏಳು ಕೊಪ್ಪರಿಗೆ ಹೊನ್ನು, ಮೇಲೆ ಹೆಡೆ ಎತ್ತಿದ ಸರ್ಪ ಎನ್ನುತ್ತಾರೆ. ಕೊಪ್ಪರಿಗೆ ಅಂದ ಕೂಡಲೇ ಅದರ ಬಾಯಿಯ ಅಗಲ, ಎತ್ತಲಾಗದ ತೂಕ, ಅದು ಹೂತಿರುವ ಜಾಗ ಎಲ್ಲ ಕಣ್ಣಿಗೆ ಕಟ್ಟುತ್ತದೆ. ನಿಧಿಗೆ ತೂಕ ಬಂದರೆ ಆಟಗಾರರು ಯೋಚಿಸಲು ಶುರುಮಾಡುತ್ತಾರೆ: ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು, ಯಾರ ಕಣ್ಣಿಗೂ ಬೀಳದೆ ಊರು ಸೇರುವುದು ಹೇಗೆ? ಆ ತೂಕ ತರುವ ಕೆಲಸವನ್ನು ಹಂತ ಹಂತವಾಗಿ ಇಲ್ಲಿ ಬರೆದಿದೆ. ನಿಯಮ, ಅಂಕಿಗಳೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯವು, 2014ರ ನಿಯಮಗಳ ಪ್ರಕಾರ. ಬೇರೆ ಆಟ ಆಡುವವರು ಅಂಕಿ ಬದಲಿಸಿಕೊಂಡರೆ ಸಾಕು, ಕ್ರಮ ಅದೇ.

ಹಿಂದಿನ ದಿನವೇ ದಾಳ ಹಾಕಿ

ನಿಧಿಯ ದಾಳವನ್ನು ಆಟಗಾರರ ಎದುರು ಹಾಕಬೇಡಿ. ನಾಣ್ಯಕ್ಕೊಮ್ಮೆ, ರತ್ನಕ್ಕೊಮ್ಮೆ, ಮ್ಯಾಜಿಕ್ ಐಟಂಗೊಮ್ಮೆ, ಮತ್ತೆ ಆ ಐಟಂ ಯಾವುದೆಂದು ತಿಳಿಯಲು ಇನ್ನೊಮ್ಮೆ ದಾಳ ಉರುಳಿಸುತ್ತ ಕುಳಿತರೆ ಗೆಲುವಿನ ಬಿಸಿ ಆರುತ್ತದೆ. ಹಿಂದಿನ ಸಂಜೆಯೇ ಹಾಕಿ ಬರೆದಿಟ್ಟುಕೊಳ್ಳಿ.

ದಾಳ ಹಾಕಿ ನೋಡುವ ನಿಯಮಪುಸ್ತಕದ ನಿಧಿ ಕೋಷ್ಟಕ ನಾಲ್ಕು ಮಜಲುಗಳಲ್ಲಿದೆ. ಚಾಲೆಂಜ್ ರೇಟಿಂಗ್ (ಎದುರಾಳಿ ಎಷ್ಟು ಬಲಶಾಲಿ ಎಂದು ಹೇಳುವ ಅಂಕಿ) 0ರಿಂದ 4ರವರೆಗಿನ ನಿಧಿಯಲ್ಲಿ ನಾಣ್ಯದ ಸರಾಸರಿ ಬೆಲೆ ಸುಮಾರು 196 ಗೋಲ್ಡ್. ಡ್ರ್ಯಾಗನ್ ಮರಿಗಳೆಲ್ಲ ಈ ಮಜಲಿನವು. 5ರಿಂದ 10ರ ಮಜಲಿನಲ್ಲಿ 700 ತಾಮ್ರ, 7,000 ಬೆಳ್ಳಿ, 2,100 ಚಿನ್ನ, 105 ಪ್ಲಾಟಿನಂ, ಎಲ್ಲ ಸೇರಿ ಸರಾಸರಿ 3,857 ಗೋಲ್ಡ್. ಹರೆಯದ ಡ್ರ್ಯಾಗನ್‌ಗಳು ಇಲ್ಲಿ ಬರುತ್ತವೆ: ಬಿಳಿಯದು 6, ಕಪ್ಪು 7, ಹಸಿರು 8, ನೀಲಿ 9, ಕೆಂಪು 10. ಮುಂದಿನದು 11ರಿಂದ 16, ಅಲ್ಲಿ ಸರಾಸರಿ 31,500. ಕೊನೆಯದು 17 ಮತ್ತು ಮೇಲೆ. ಅಲ್ಲಿ 3,22,000.

ಎಡವುವುದು ಈ ಕೊನೆಯ ಮೆಟ್ಟಿಲಲ್ಲಿ. ಬೆಳೆದ ನೀಲಿ ಡ್ರ್ಯಾಗನ್ನಿನ ರೇಟಿಂಗ್ 16, ಬೆಳೆದ ಕೆಂಪಿನದು 17. ಕಾದಾಟದಲ್ಲಿ ಎರಡಕ್ಕೂ ಅಂಥ ಅಂತರವಿಲ್ಲ. ನಿಧಿ ಮಾತ್ರ ಒಂದೇ ಏಟಿಗೆ ಹತ್ತು ಪಟ್ಟು ಆಗುತ್ತದೆ. ನಿಯಮದಂತೆ ಕೊಟ್ಟುಬಿಟ್ಟರೆ ಮುಂದಿನ ಯಾವ ಕೂಲಿಯೂ ಆಟಗಾರರಿಗೆ ಕೂಲಿ ಅನ್ನಿಸುವುದಿಲ್ಲ. ಬೆಳೆದ ಕೆಂಪು ಡ್ರ್ಯಾಗನ್ನಿಗೆ 11-16ರ ಕೋಷ್ಟಕವನ್ನೇ ಮೂರು ಸಲ ಉರುಳಿಸಿ. 95,000 ಗೋಲ್ಡ್ ಆಸುಪಾಸು ಬರುತ್ತದೆ. ದೊಡ್ಡದೂ ಹೌದು, ಆಟ ಕೆಡಿಸುವಷ್ಟಲ್ಲ. 17ರ ಕೋಷ್ಟಕವನ್ನು ಪುರಾತನ ಡ್ರ್ಯಾಗನ್‌ಗಳಿಗೆ ಮೀಸಲಿಡಿ.

ಪುಸ್ತಕದ ಲೆಕ್ಕದಲ್ಲಿ ಪಾತ್ರಗಳ ಒಂದನೇ ಹಂತದಿಂದ ಇಪ್ಪತ್ತರವರೆಗಿನ ಇಡೀ ಆಟಕ್ಕೆ ನಾಲ್ಕು ಮಜಲುಗಳಿಂದ 7, 18, 12, 8 ನಿಧಿಗಳು. ಡ್ರ್ಯಾಗನ್ ಹೆಚ್ಚಿರುವ ಆಟವಾದರೆ ದರೋಡೆಕೋರರು, ಹಾಳು ಗುಡಿಗಳು ಇವುಗಳ ಪಾಲಿನ ನಿಧಿ ಕಡಿಮೆ ಮಾಡಿ ಡ್ರ್ಯಾಗನ್ನಿಗೆ ಸೇರಿಸಿ. ಒಟ್ಟು ಮೊತ್ತ ಹಿಡಿತದಲ್ಲಿರುತ್ತದೆ.

ರಾಶಿ ಎಷ್ಟು ದೊಡ್ಡದು?

ಪಡಸಾಲೆಯಲ್ಲಿ ಕೊಡ ಇಟ್ಟುಕೊಂಡು ನೋಡಬೇಕಾದ ಲೆಕ್ಕ ಇದು. ಐದನೇ ಆವೃತ್ತಿಯಲ್ಲಿ 50 ನಾಣ್ಯಕ್ಕೆ ಒಂದು ಪೌಂಡ್. ಅಂದರೆ ನಾಣ್ಯಕ್ಕೆ ಹೆಚ್ಚುಕಡಿಮೆ 9 ಗ್ರಾಂ. 17ರ ಕೋಷ್ಟಕದ ಸರಾಸರಿ ನಿಧಿಯಲ್ಲಿ 42,000 ಚಿನ್ನ, 28,000 ಪ್ಲಾಟಿನಂ. ಒಟ್ಟು 70,000 ನಾಣ್ಯ, 1,400 ಪೌಂಡ್, ಸುಮಾರು 635 ಕಿಲೊ. ತೂಕ ಕೇಳಿದರೆ ಭಾರೀ ಅನಿಸುತ್ತದೆ. ಆದರೆ ಚಿನ್ನ ಒಂದು ಘನ ಸೆಂಟಿಮೀಟರಿಗೆ 19.3 ಗ್ರಾಂ ತೂಗುವ ಲೋಹ, ಪ್ಲಾಟಿನಂ 21ಕ್ಕೂ ಹೆಚ್ಚು. ನಾಣ್ಯಗಳ ನಡುವಿನ ಸಂದು ಹಿಡಿದು ಲೆಕ್ಕ ಹಾಕಿದರೂ ಇಡೀ ರಾಶಿ 53 ಲೀಟರ್ ಆಗುತ್ತದೆ. 15 ಲೀಟರಿನ ನೀರಿನ ಕೊಡದಲ್ಲಿ ಮೂರೂವರೆ ಕೊಡ!

ಬೆಳೆದ ಡ್ರ್ಯಾಗನ್ 15 ಅಡಿ ಉದ್ದ, 15 ಅಡಿ ಅಗಲದ ಜಾಗ ಹಿಡಿಯುತ್ತದೆ. ಅದು ಚಿನ್ನದ ಮೇಲೆ ಮಲಗಿದೆ ಎಂದು ನೀವು ವರ್ಣಿಸುತ್ತೀರಿ. ಮೂರೂವರೆ ಕೊಡ ನಾಣ್ಯದ ಮೇಲೆ ಅದರ ಪಂಜ ಕೂಡ ನಿಲ್ಲುವುದಿಲ್ಲ.

ಹಾಗಾದರೆ ಹಾಸಿಗೆಯನ್ನು ತಾಮ್ರದಿಂದ ಮಾಡಿ. 15 ಅಡಿ ಚೌಕದಲ್ಲಿ ಅರ್ಧ ಅಡಿ ದಪ್ಪ ತಾಮ್ರದ ನಾಣ್ಯ ಹರಡಲು ಸುಮಾರು 19 ಲಕ್ಷ ನಾಣ್ಯ ಬೇಕು. ತೂಕ 17 ಟನ್. ಬೆಲೆ? ನೂರು ತಾಮ್ರಕ್ಕೆ ಒಂದು ಗೋಲ್ಡ್, ಹಾಗಾಗಿ ಬರೀ 19,000 ಗೋಲ್ಡ್. ಕಣದಲ್ಲಿ ಜೋಳದ ರಾಶಿ ಹಾಕಿದ ಹಾಗೆ ಕಣ್ಣು ತುಂಬುವ ರಾಶಿ, ಬೆಲೆಯಲ್ಲಿ ನಿಧಿಯ ಸಣ್ಣ ಪಾಲು. ಈ 19,000ವನ್ನು ಒಟ್ಟು ಮೊತ್ತದಿಂದ ಕಳೆದು, ಉಳಿದ ಚಿನ್ನ, ರತ್ನ, ಐಟಂಗಳನ್ನು ಆ ತಾಮ್ರದೊಳಗೆ ಹುದುಗಿಸಿ. ವರ್ಣನೆಯೂ ಸುಳ್ಳಾಗುವುದಿಲ್ಲ, ಮೊತ್ತವೂ ಕೆಡುವುದಿಲ್ಲ. ಜೊತೆಗೆ ಆಟಗಾರರಿಗೆ ಅಗೆಯುವ ಕೆಲಸ ಸಿಗುತ್ತದೆ.

ಯಾವ ಡ್ರ್ಯಾಗನ್, ಯಾವ ನಿಧಿ

ಬಣ್ಣ ನೋಡಿ ಸಾಮಾನು ಇಡಿ. ಹಸಿರು ಡ್ರ್ಯಾಗನ್ ಕಾಡಿನದು. ಪಚ್ಚೆ, ಮರದ ಕೆತ್ತನೆ, ವಾದ್ಯಗಳು, ಮನುಷ್ಯರ ಶಿಲ್ಪಗಳು ಅದಕ್ಕೆ ಇಷ್ಟ. ಬಿಳಿಯದು ಎಲ್ಲವನ್ನೂ ಮಂಜುಗಡ್ಡೆಯಲ್ಲಿ ಹುದುಗಿಸಿಡುತ್ತದೆ, ಹೊಳೆಯುವ ವಜ್ರ ಕಂಡರೆ ಬಿಡದು. ಅದರ ನಿಧಿ ಕೀಳಲು ಬೆಂಕಿ ಬೇಕು, ಬೆಂಕಿ ಹಚ್ಚಿದರೆ ಗುಹೆಯ ಚಾವಣಿಯೂ ಕರಗುತ್ತದೆ. ನೀಲಿಯದಕ್ಕೆ ನೀಲಮಣಿಯ ಆಸೆ, ಹೂಳುವುದು ಮರಳಿನಲ್ಲಿ. ಕಪ್ಪು ಡ್ರ್ಯಾಗನ್ ಅಳಿದ ರಾಜ್ಯಗಳ ವಸ್ತುಗಳನ್ನು ಕೂಡಿಡುತ್ತದೆ, ವಾಸ ಜೌಗಿನಲ್ಲಿ. ಅಲ್ಲಿ ಕಾಗದ, ಬಟ್ಟೆ ಉಳಿಯುವುದಿಲ್ಲ, ಕಲ್ಲು, ಗಾಜು, ಚಿನ್ನ ಉಳಿಯುತ್ತವೆ.

ಕೆಂಪಿನ ಮಾತು ಬೇರೆಯೇ. ತನ್ನ ನಿಧಿಯ ಪ್ರತಿ ವಸ್ತುವಿನ ಬೆಲೆ, ಮೂಲ, ಇರುವ ಜಾಗ ಅದಕ್ಕೆ ಗೊತ್ತು. ಒಂದು ನಾಣ್ಯ ಕಾಣೆಯಾದರೂ ಅದಕ್ಕೆ ತಿಳಿಯಬಹುದು. "ಮಲಗಿದಾಗ ಒಂದು ಕಿಸೆ ತುಂಬಿಕೊಂಡು ಬರುತ್ತೇವೆ" ಎನ್ನುವ ತಂಡಕ್ಕೆ ಇದರ ಸುಳಿವನ್ನು ಮೊದಲೇ ಕೊಡಿ, ಊರಿನ ಮುದುಕನ ಬಾಯಲ್ಲಾದರೂ ಹೇಳಿಸಿ. ಬೆಳೆದ ಕೆಂಪು ಡ್ರ್ಯಾಗನ್ 60 ಅಡಿಯೊಳಗಿನದನ್ನು ಕಣ್ಣಿಲ್ಲದೆಯೂ ಅರಿಯುತ್ತದೆ, ಹಾಗಾಗಿ ಅದೃಶ್ಯರಾದರೂ ಲಾಭವಿಲ್ಲ. ಅದರ ಪ್ಯಾಸಿವ್ ಪರ್ಸೆಪ್ಶನ್, ಅಂದರೆ ಹುಡುಕದೆಯೇ ಗಮನಿಸುವ ಶಕ್ತಿಯ ಅಂಕಿ, 23.

ಬೆಂಕಿ ಉಗುಳುವ ಪ್ರಾಣಿಯ ರಾಶಿಯಲ್ಲಿ ಮಂತ್ರ ಬರೆದ ಬಿಡಿ ಸ್ಕ್ರೋಲ್‌ಗಳನ್ನು ಇಡಬೇಡಿ. ಕಬ್ಬಿಣದ ಪೆಟ್ಟಿಗೆಯಲ್ಲಿಡಿ, ಅಥವಾ ಪಕ್ಕದ ಕೋಣೆಯಲ್ಲಿ. ಆಟಗಾರರು ಇಂಥ ತಪ್ಪನ್ನು ತಕ್ಷಣ ಹಿಡಿಯುತ್ತಾರೆ.

ನಮ್ಮ ನೆಲದ ಸಾಮಾನು

ಬೆಳೆದ ಡ್ರ್ಯಾಗನ್ ಅಂದರೆ 100 ದಾಟಿ 800 ವರ್ಷದವರೆಗಿನದು. ಅಷ್ಟು ಕಾಲದಲ್ಲಿ ಎಷ್ಟು ರಾಜರು ಬಂದುಹೋದರೋ! ನಾಣ್ಯಗಳೆಲ್ಲ ಒಂದೇ ಮುದ್ರೆಯವಾದರೆ ನಂಬಿಕೆ ಬರುವುದಿಲ್ಲ. ಇದಕ್ಕೆ ಮಾದರಿ ಬೇಕಿದ್ದರೆ ಗದಗದ ಪಕ್ಕದ ಲಕ್ಕುಂಡಿಯೇ ಇದೆ. ಶಾಸನಗಳ ಲೊಕ್ಕಿಗುಂಡಿ ಅದು. ಅಲ್ಲಿನ ಟಂಕಸಾಲೆಯ ಹೊನ್ನಿಗೆ ಲೊಕ್ಕಿ ಗದ್ಯಾಣ ಎಂದೇ ಹೆಸರು. ನಿಮ್ಮ ಆಟದ ಗೋಲ್ಡ್ ಪೀಸನ್ನು ಗದ್ಯಾಣ ಎಂದೂ ಬೆಳ್ಳಿಯದನ್ನು ಪಣ ಎಂದೂ ಕರೆಯಿರಿ. ಶಾಸನಗಳ ಪಣವೂ ಚಿನ್ನದ್ದೇ, ಆಟಕ್ಕಾಗಿ ಬೆಳ್ಳಿ ಮಾಡಿಕೊಂಡರೆ ತಪ್ಪಿಲ್ಲ. ಗದ್ಯಾಣಕ್ಕೆ ಹತ್ತು ಪಣ ಎಂಬ ಹಳೆಯ ಲೆಕ್ಕ ಆಟದ ಒಂದಕ್ಕೆ ಹತ್ತರ ನಿಯಮಕ್ಕೆ ಸರಿಯಾಗಿ ಕೂಡುತ್ತದೆ. ತಾಮ್ರಕ್ಕೆ ವೀಸ ಎನ್ನಿ. ರಾಶಿಯ ತಳದಲ್ಲಿ ಗದ್ಯಾಣ, ಮೇಲಿನ ಪದರದಲ್ಲಿ ವರಹ ಇಟ್ಟರೆ ಅಗೆಯುತ್ತ ಹೋದಂತೆ ಕಾಲ ಹಿಂದಕ್ಕೆ ಸರಿಯುತ್ತದೆ.

ಕಲಾವಸ್ತುಗಳ ಬೆಲೆ ಆಟದಲ್ಲಿ 25, 250, 750, 2,500, 7,500 ಎಂದು ಐದು ದರ್ಜೆ. ಬೆಲೆಯನ್ನು ಹಾಗೇ ಇಟ್ಟುಕೊಂಡು ವಸ್ತು ಬದಲಿಸಿ. 25ರ ದರ್ಜೆಗೆ ನವಲಗುಂದದ ಜಮಖಾನದಂಥ ನೇಯ್ಗೆ. 750ಕ್ಕೆ ಬೆಳ್ಳಿಯ ಆರತಿ ತಟ್ಟೆ, ಅಂಚಿನಲ್ಲಿ ಕೊಟ್ಟವರ ಹೆಸರು. 7,500ಕ್ಕೆ ರತ್ನ ಕೂರಿಸಿದ ಒಂದು ಪುಟ್ಟ ಜಿನಬಿಂಬ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ್ದು, 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯ ಕಟ್ಟಿಸಿದ್ದು ಇಲ್ಲಿನವರಿಗೆ ಗೊತ್ತಿರುವ ಸಂಗತಿ. ಹಾಗೆ ಹಂಚಿದ ಸಾವಿರ ಓಲೆಗರಿ ಕಟ್ಟುಗಳಲ್ಲಿ ಕೊನೆಯ ಒಂದು ನಿಮ್ಮ ಕಥೆಯ ಡ್ರ್ಯಾಗನ್ ಬಳಿ ಉಳಿದಿದೆ ಎಂದುಕೊಳ್ಳಿ. ಅದಕ್ಕೆ ಚಿನ್ನದ ಬೆಲೆ ಕಟ್ಟಲಾಗದು, ಆದರೆ ಅದನ್ನು ಕೈಯಲ್ಲಿ ಹಿಡಿದು ಬಂದವರಿಗೆ ಯಾವ ಮಠದ ಬಾಗಿಲೂ ತೆರೆಯುತ್ತದೆ.

ಶಾಪದ ವಸ್ತು ಬೇಕಿದ್ದರೂ ಹೊರಗೆ ಹುಡುಕಬೇಕಿಲ್ಲ. ನಮ್ಮ ದಾನಶಾಸನಗಳ ಕೊನೆಯಲ್ಲಿ ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ತಟ್ಟುತ್ತದೆ ಎಂದು ಬರೆದಿರುತ್ತಾರೆ, ಪಾಲಿಸಿದವನಿಗೆ ಪುಣ್ಯ ಎಂದೂ ಇರುತ್ತದೆ. ದೇವಸ್ಥಾನದಿಂದ ಡ್ರ್ಯಾಗನ್ ದೋಚಿದ ಒಂದು ಘಂಟೆಯ ಮೇಲೆ ಇಂಥ ಸಾಲು ಕೆತ್ತಿಸಿ. ಅದನ್ನು ಇಟ್ಟುಕೊಂಡವರು ಪ್ರತಿ ಸೇವಿಂಗ್ ಥ್ರೋದಿಂದ (ಅಪಾಯ ತಪ್ಪಿಸಿಕೊಳ್ಳಲು ಹಾಕುವ ದಾಳ) ಒಂದು ಡಿ4, ಅಂದರೆ ನಾಲ್ಕು ಮುಖದ ದಾಳದ ಅಂಕಿ, ಕಳೆಯಬೇಕು. ಮೂಲ ಗುಡಿಗೆ ಮರಳಿಸಿದವರು ಮುಂದಿನ ಹುಣ್ಣಿಮೆಯವರೆಗೆ ಅದೇ ಡಿ4 ಕೂಡಿಸಬಹುದು. ಬರಹ ಓದಬಲ್ಲ ಪಾತ್ರವೊಂದಿದ್ದರೆ ಸಾಕು, ದಾರಿ ಅವರಿಗೆ ಕಾಣುತ್ತದೆ. ಓದಲಾಗದ ಶಾಪ ಹಾಕಬೇಡಿ.

ಎಲ್ಲಿ ಹೂಳುವುದು

ರಾಶಿಯನ್ನು ಮೂರು ಜಾಗಕ್ಕೆ ಒಡೆಯಿರಿ. ಮಲಗುವ ಹಾಸಿಗೆ, ಅದರ ಕಣ್ಣಳತೆಯ ಗೂಡುಗಳು, ಮತ್ತು ಯಾರಿಗೂ ಕಾಣದ ಒಂದು ತಾವು. ಬೆಲೆಬಾಳುವ ಮ್ಯಾಜಿಕ್ ಐಟಂ ಮೂರನೆಯದರಲ್ಲಿರಲಿ.

ಸುತ್ತಲಿನ ಮ್ಯಾಜಿಕ್ ಪತ್ತೆ ಮಾಡುವ ಡಿಟೆಕ್ಟ್ ಮ್ಯಾಜಿಕ್ ಮಂತ್ರದ ಬಗ್ಗೆ ಒಂದು ಸೂಕ್ಷ್ಮ ಇದೆ, ಬಹಳ ಡಿಎಂಗಳು ಇದನ್ನು ಮರೆಯುತ್ತಾರೆ. ಅದು ಸುತ್ತ 30 ಅಡಿ ದೂರದವರೆಗೆ ಕೆಲಸ ಮಾಡುತ್ತದೆ ನಿಜ, ಆದರೆ ಒಂದು ಇಂಚು ಸಾಮಾನ್ಯ ಲೋಹ, ಒಂದು ಅಡಿ ಕಲ್ಲು, ಮೂರು ಅಡಿ ಮಣ್ಣು ಅಥವಾ ಮರ ಅದನ್ನು ತಡೆಯುತ್ತವೆ. ಸೀಸವಾದರೆ ತೆಳು ತಗಡೇ ಸಾಕು. ಅರ್ಧ ಅಡಿ ತಾಮ್ರದ ಕೆಳಗಿನ ಕತ್ತಿ ಹಾಗಾಗಿ ಹೊಳೆಯುವುದಿಲ್ಲ. ರಾಶಿಯನ್ನು ಸರಿಸಿಯೇ ನೋಡಬೇಕು. ಮಂತ್ರ ಹಾಕಿದ ಆಟಗಾರ "ಏನೂ ಇಲ್ವಾ?" ಎಂದು ಕೇಳಿದರೆ "ಮೇಲಿನ ಪದರದಲ್ಲಿ ಏನೂ ಕಾಣುತ್ತಿಲ್ಲ" ಎಂದು ಸ್ಪಷ್ಟವಾಗಿ ಹೇಳಿ. "ಇಲ್ಲ" ಎಂದರೆ ಮೋಸ ಮಾಡಿದಂತಾಗುತ್ತದೆ.

ಕಾಣದ ತಾವಿಗೆ ಹಗೇವಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಆ ಗುಂಡಿಯ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಮೇಲೆ ಚಪ್ಪಡಿ, ಅದರ ಮೇಲೆ ಮಣ್ಣು. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಅದಕ್ಕೇ ಹಿರಿಯರು ಇಳಿಯುವ ಮೊದಲು ಬಾಯಿ ತೆರೆದು ಗಾಳಿ ಆಡಲು ಬಿಡುತ್ತಿದ್ದರು, ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಇದು ಯಂತ್ರವಿಲ್ಲದ, ವಿಷವಿಲ್ಲದ, ಆದರೂ ಪ್ರಾಣ ತೆಗೆಯುವ ಬಲೆ. ನಿಯಮ ಹೀಗೆ ಇಡಿ: ಗಾಳಿ ಆಡಿಸದೆ ಇಳಿದವರು ನಿಮಿಷಕ್ಕೊಂದು ಕಾನ್‌ಸ್ಟಿಟ್ಯೂಷನ್ ಸೇವ್ (ದೇಹದ ತಾಳಿಕೆಯ ಸೇವಿಂಗ್ ಥ್ರೋ) ಮಾಡಬೇಕು, ಡಿಸಿ 12, ಅಂದರೆ ಕನಿಷ್ಠ 12 ಬರಬೇಕು. ಸೋತರೆ ಒಂದು ಮಟ್ಟ ಎಕ್ಸಾಶನ್ (ದಣಿವು). ಒಂದು ತಾಸು ತೆರೆದಿಟ್ಟರೆ ಅಪಾಯವಿಲ್ಲ. ಹಳ್ಳಿಯಲ್ಲಿ ಬೆಳೆದ ಆಟಗಾರರು ಇಲ್ಲಿ ಥಟ್ಟನೆ "ಮೊದಲ ದೀಪ ಬಿಡ್ರಿ" ಅನ್ನುತ್ತಾರೆ. ಅಂಥವರ ತಿಳಿವಳಿಕೆಗೆ ದಾಳ ಕೇಳಬೇಡಿ, ಒಪ್ಪಿಕೊಳ್ಳಿ.

ಮೇಜಿನ ಮೇಲೆ: ರಟ್ಟು ಮತ್ತು ಹುಣಸೆ ಬೀಜ

ಹಳೆಯ ಲಗ್ನಪತ್ರಿಕೆಗಳನ್ನು ಎಸೆಯಬೇಡಿ. ಅವುಗಳ ದಪ್ಪ ರಟ್ಟನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಖಾಲಿ ಬದಿಯಲ್ಲಿ ಒಂದೊಂದು ವಸ್ತು ಬರೆಯಿರಿ. ಮುಂಭಾಗದಲ್ಲಿ ಕಣ್ಣಿಗೆ ಕಾಣುವುದು ಮಾತ್ರ: "ಹಿಡಿಯ ಮೇಲೆ ನವಿಲು ಕೆತ್ತಿದ ಬಾಕು, ಮುಟ್ಟಿದರೆ ತಣ್ಣಗಿದೆ, 1 ಪೌಂಡ್." ನಿಜ ಹೆಸರು, ಬೆಲೆ, ಗುಣ ನಿಮ್ಮ ಹಾಳೆಯಲ್ಲಿ ಅದೇ ಸಂಖ್ಯೆಯ ಎದುರು. ಒಂದು ನಿಧಿಗೆ 12ರಿಂದ 15 ರಟ್ಟು ಸಾಕು. ಹೆಚ್ಚಾದರೆ ಆಟಗಾರರು ಓದುವುದನ್ನೇ ಬಿಡುತ್ತಾರೆ, ಸಣ್ಣಪುಟ್ಟದ್ದನ್ನೆಲ್ಲ ಒಂದೇ ರಟ್ಟಿನಲ್ಲಿ ಸೇರಿಸಿ.

ನಾಣ್ಯಕ್ಕೆ ಹುಣಸೆ ಬೀಜ. ಆಟದ ಗೋಣಿಚೀಲ ಹಿಡಿಯುವುದು 30 ಪೌಂಡ್, ಅಂದರೆ 1,500 ನಾಣ್ಯ. ಒಂದು ಬೀಜಕ್ಕೆ ಒಂದು ಚೀಲ. ತೊಳೆದು ಒಣಗಿಸಿದ ಬೀಜಗಳನ್ನು ಬಟ್ಟಲಲ್ಲಿ ತುಂಬಿ ಮೇಜಿನ ನಡುವೆ ಸುರಿಯಿರಿ. ದೊಡ್ಡ ನಿಧಿಗೆ 47 ಬೀಜ ಬೀಳುತ್ತವೆ. ಆ ಸದ್ದಿಗೇ ಎಲ್ಲರೂ ಮುಂದಕ್ಕೆ ಬಾಗುತ್ತಾರೆ. ಚಿನ್ನದ ಬೀಜಕ್ಕೆ ಅರಿಷಿಣ ಸವರಿ, ಪ್ಲಾಟಿನಂಗೆ ಸುಣ್ಣ, ತಾಮ್ರಕ್ಕೆ ಹಾಗೇ ಬಿಡಿ. ತಾಮ್ರದ ಹಾಸಿಗೆಗೆ ಬೀಜ ಎಣಿಸಲು ಹೋಗಬೇಡಿ. 1,200 ದಾಟುತ್ತದೆ, ಒಂದು ಮೊರ ಮುಂದಿಟ್ಟು "ಇದು ತಾಮ್ರ" ಎನ್ನಿ.

ಅಗೆಯುವುದು ತಾಸಿನ ಲೆಕ್ಕದಲ್ಲಿ. 5 ಅಡಿ ಚೌಕದ ಒಂದು ಮನೆಯನ್ನು ಅರ್ಧ ಅಡಿ ಆಳಕ್ಕೆ ಸರಿಸಲು ಒಬ್ಬರಿಗೆ ಒಂದು ತಾಸು. ಸಲಿಕೆ ಇಲ್ಲದಿದ್ದರೆ ಎರಡು. ಹಾಸಿಗೆಯಲ್ಲಿ ಒಂಬತ್ತು ಮನೆ. ಪ್ರತಿ ತಾಸಿಗೆ ಡಿ6 ಹಾಕಿ, 1 ಬಿದ್ದರೆ ಯಾರೋ ಬಂದರು: ಡ್ರ್ಯಾಗನ್ನಿನ ಆಳುಗಳಾದ ಕೋಬೋಲ್ಡ್‌ಗಳು, ಹೊಗೆ ಅಡಗಿದ್ದು ನೋಡಿ ಬಂದ ಊರವರು, ಇನ್ನೊಂದು ತಂಡ. ಕಾಯುವವರು ಯಾರು, ಅಗೆಯುವವರು ಯಾರು ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಕೇಳಿದರೆ ಎಲ್ಲರೂ ಕಾವಲಿಗೇ ಇದ್ದರು.

ಎಣಿಸುತ್ತ ಕೂರಬೇಡಿ, ತೂಗಿ. ವ್ಯಾಪಾರಿಯ ತಕ್ಕಡಿಗೆ ಆಟದಲ್ಲಿ 5 ಗೋಲ್ಡ್. ಅದು ಇಲ್ಲದ ತಂಡಕ್ಕೆ ಮೊತ್ತವನ್ನು ಅಂದಾಜಿನಲ್ಲೇ ಹೇಳಿ, ಊರು ಮುಟ್ಟಿದ ಮೇಲೆ ನಿಖರ ಸಂಖ್ಯೆ ಕೊಡಿ. ಐಟಂ ಗುರುತಿಸಲು ಐಡೆಂಟಿಫೈ ಮಂತ್ರಕ್ಕೆ ಒಂದು ನಿಮಿಷ, ನಿಧಾನವಾಗಿ ವಿಧಿಯಂತೆ ಮಾಡುವ ರಿಚುವಲ್ ಆದರೆ 11 ನಿಮಿಷ, 100 ಗೋಲ್ಡ್ ಬೆಲೆಯ ಮುತ್ತು ಕೈಯಲ್ಲಿರಬೇಕು. ಮುತ್ತು ಖರ್ಚಾಗುವುದಿಲ್ಲ. ಮಂತ್ರ ಇಲ್ಲದವರು ಒಂದು ಶಾರ್ಟ್ ರೆಸ್ಟ್ (ಕಿರು ವಿಶ್ರಾಂತಿ) ಪೂರ್ತಿ ಒಂದೇ ವಸ್ತುವಿನೊಂದಿಗೆ ಕುಳಿತರೆ ಅದರ ಗುಣ ತಿಳಿಯುತ್ತದೆ.

ಹೊರುವುದು

ಪಾತ್ರದ ಸ್ಟ್ರೆಂತ್ (ಮೈಬಲದ ಅಂಕಿ) ಅನ್ನು 15ರಿಂದ ಗುಣಿಸಿದರೆ ಅವರು ಹೊರಬಲ್ಲ ಪೌಂಡ್. 16 ಇದ್ದವರಿಗೆ 240, 8 ಇದ್ದ ಮಂತ್ರವಾದಿಗೆ 120. ಮೈಮೇಲಿನ ಸಾಮಾನು ಕಳೆಯಲು ಮರೆಯಬೇಡಿ, ಪ್ಲೇಟ್ ಕವಚವೊಂದೇ 65 ಪೌಂಡ್. ಕವಚ, ಆಯುಧ, ಬುತ್ತಿ ಕಳೆದು ಹೋರಾಟಗಾರನಿಗೆ ನಾಲ್ಕು ಬೀಜ ಸಿಕ್ಕರೆ ಹೆಚ್ಚು. ಆಟಗಾರರು ತಾವೇ ಬೀಜ ಎತ್ತಿಕೊಳ್ಳಲಿ. ಮೇಜಿನ ಮೇಲೆ ಮೂವತ್ತಕ್ಕೂ ಹೆಚ್ಚು ಉಳಿದಾಗ ನಿಜವಾದ ಚರ್ಚೆ ಶುರುವಾಗುತ್ತದೆ. ಒಳಗೆ ಬಹಳ ಹಿಡಿಯುವ ಮ್ಯಾಜಿಕ್ ಚೀಲ ಇರುವ ಆಟಗಾರ ಕೇಳುತ್ತಾನೆ, ಡಿಎಂ ಆದ ಅಕ್ಕ ಉತ್ತರಿಸುತ್ತಾಳೆ:

"ಯಕ್ಕಾ, ನನ್ನ ಹತ್ರ ಬ್ಯಾಗ್ ಆಫ್ ಹೋಲ್ಡಿಂಗ್ ಐತಲ್ಲ, ಎಲ್ಲಾ ಅದರಾಗ ಸುರೀತೀನಿ."

"ಜಾಗಾ ಹಿಡಸ್ತೈತಿ, ತೂಕ ಹಿಡಸಂಗಿಲ್ಲ. 500 ಪೌಂಡ್ ಅಷ್ಟ. ಹದಿನಾರು ಬೀಜ ಇಡು."

"ಹದಿನೇಳನೇದ್ದು ಹಾಕಿದ್ರ?"

"ಹರೀತೈತಿ."

ಹರಿದರೆ ಒಳಗಿದ್ದದ್ದೆಲ್ಲ ಆಸ್ಟ್ರಲ್ ಎಂಬ ಬೇರೊಂದು ಲೋಕದಲ್ಲಿ ಚೆಲ್ಲಾಪಿಲ್ಲಿ. ಚೂಪಾದ ವಸ್ತು ಚುಚ್ಚಿದರೂ ಅದೇ ಗತಿ, ಹಾಗಾಗಿ ಒರೆಯಿಲ್ಲದ ಕತ್ತಿಯನ್ನು ಚೀಲಕ್ಕೆ ತುರುಕುವ ಮೊದಲು "ಏನಾದರೂ ಸುತ್ತುತ್ತೀರಾ?" ಎಂದು ಒಮ್ಮೆ ಕೇಳಿ. ಪೋರ್ಟಬಲ್ ಹೋಲ್ (ಮಡಚಿ ಒಯ್ಯಬಹುದಾದ ಮ್ಯಾಜಿಕ್ ಗುಂಡಿ) ಒಳಗೆ ಈ ಚೀಲ ಇಟ್ಟರೆ ಎರಡೂ ನಾಶ, ಹತ್ತು ಅಡಿಯೊಳಗಿನವರನ್ನೂ ಆಸ್ಟ್ರಲ್ ಲೋಕ ಎಳೆದುಕೊಳ್ಳುತ್ತದೆ.

ಹೇಸರಗತ್ತೆಗೆ 8 ಗೋಲ್ಡ್, ಗಾಡಿಗೆ 15. ಹೇಸರಗತ್ತೆ ಬೆನ್ನ ಮೇಲೆ 420 ಪೌಂಡ್ ಹೊರುತ್ತದೆ, ಎಳೆಯುವುದಾದರೆ ಅದರ ಐದು ಪಟ್ಟು, 2,100. ಗಾಡಿಯ 200 ಕಳೆದರೆ 1,900. ಚಿನ್ನ, ಪ್ಲಾಟಿನಂ ಎಲ್ಲ ಸೇರಿ 1,400 ಪೌಂಡ್ ಇತ್ತಲ್ಲ, ಒಂದೇ ಚಕ್ಕಡಿಯಲ್ಲಿ ಬಂತು. ತಾಮ್ರದ ಹಾಸಿಗೆಗೆ ಅಂಥ 20 ಗಾಡಿ ಬೇಕು. ಬೆಟ್ಟದ ದಾರಿಯಲ್ಲಿ ಗಾಡಿ ಗುಹೆಯ ಬಾಯಿಗೆ ಬರುತ್ತದೆಯೇ ಎನ್ನುವುದು ಇನ್ನೊಂದು ಪ್ರಶ್ನೆ. ಕಪ್ಪತಗುಡ್ಡದಂಥ ಗುಡ್ಡಸಾಲನ್ನು ಮನಸ್ಸಿನಲ್ಲಿಟ್ಟು ನಕ್ಷೆ ಬರೆದರೆ ಗಾಡಿ ನಿಲ್ಲುವ ಜಾಗದಿಂದ ಗುಹೆಗೆ ಎಷ್ಟು ನಡಿಗೆ ಎಂದು ಗುರುತು ಹಾಕಿ. ಆ ನಡಿಗೆಯಲ್ಲೇ ಒಂದು ಪೂರ್ತಿ ಆಟ ಸಿಗುತ್ತದೆ.

ಇದು ಯಾರದು?

ಡ್ರ್ಯಾಗನ್ ಸತ್ತ ಸುದ್ದಿ ಗಾಡಿಗಿಂತ ಮೊದಲು ಊರು ಸೇರುತ್ತದೆ. ನಮ್ಮ ದೇಶದಲ್ಲಿ 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವರು ಕಲೆಕ್ಟರಿಗೆ ತಿಳಿಸಬೇಕು. ನಿಮ್ಮ ಆಟದ ರಾಜನಿಗೂ ಅಂಥದೊಂದು ಕಟ್ಟಳೆ ಇರಲಿ: ಐದರಲ್ಲಿ ಒಂದು ಪಾಲು ಅರಮನೆಗೆ. ಅದರ ಮೇಲೆ ಹಕ್ಕು ಹೇಳುವವರು ಇಬ್ಬರು ಸಾಕು. ಮಗಳ ಲಗ್ನದ ಬಂಗಾರ ಕಳೆದುಕೊಂಡ ಮನೆಯೊಂದು, ಘಂಟೆ ಕಳೆದುಕೊಂಡ ಗುಡಿಯೊಂದು. ಮೂರನೆಯವರು ಬಂದರೆ ಆಟಗಾರರಿಗೆ ಬೇಸರ, ಎಲ್ಲರನ್ನೂ ಅಟ್ಟಿಬಿಡುತ್ತಾರೆ. ಮನೆಯವರು ಕೇಳುವ ವಸ್ತು ಬೆಲೆಯಲ್ಲಿ ಸಣ್ಣದಿರಲಿ, 250 ಗೋಲ್ಡಿನ ಒಂದು ಟಿಕ್ಕಿ ಅಥವಾ ವಂಕಿ. ಕೊಡಲು ಮನಸ್ಸು ಬರುವಷ್ಟು ಸಣ್ಣದು.

ಪಾಲು

ಜಗಳ ಆಗುವುದು ಇಲ್ಲಿ, ಅದೂ ಪಾತ್ರಗಳ ನಡುವೆ ಅಲ್ಲ, ಗೆಳೆಯರ ನಡುವೆ. ಡ್ರ್ಯಾಗನ್ ಎದುರಾಗುವ ಮೊದಲಿನ ಆಟದಲ್ಲೇ ಪಾಲಿನ ರೀತಿ ನಿಶ್ಚಯವಾಗಿರಲಿ. ಆ ದಿನ ಬಾರದ ಆಟಗಾರನ ಪಾಲು ಏನು, ಸತ್ತ ಪಾತ್ರದ ಪಾಲು ಯಾರಿಗೆ ಎನ್ನುವುದೂ ಸೇರಿ.

ಮೊದಲು ಖರ್ಚು ತೆಗೆಯಿರಿ: ಆಳುಗಳಿಗೆ ದಿನಕ್ಕೆ 2 ಬೆಳ್ಳಿ, ಕಸುಬುದಾರರಿಗೆ 2 ಗೋಲ್ಡ್, ಸತ್ತವರನ್ನು ಎಬ್ಬಿಸಿದ್ದಕ್ಕೆ ವಜ್ರದ ಬೆಲೆ. ಉಳಿದ ನಾಣ್ಯವನ್ನು ತಲೆಗೊಂದು ಪಾಲು, ಮೇಲೊಂದು ಪಾಲು ತಂಡದ ಗಂಟಿಗೆ. ನಾಲ್ವರಿದ್ದರೆ ಐದು ಪಾಲು. ಮ್ಯಾಜಿಕ್ ಐಟಂಗಳಿಗೆ ಬೆಲೆ ಕಟ್ಟಲು ಹೋಗಬೇಡಿ, ರೇರ್ ದರ್ಜೆಯದಕ್ಕೇ 501ರಿಂದ 5,000 ಎಂದು ಪುಸ್ತಕ ಹೇಳುತ್ತದೆ, ಆ ಅಂತರದಲ್ಲಿ ವಾದ ಮುಗಿಯುವುದಿಲ್ಲ. ದಾಳ ಹಾಕಿ ಸರದಿ ಗೊತ್ತು ಮಾಡಿ. ಮೊದಲ ಸುತ್ತು 1, 2, 3, 4. ಎರಡನೆಯದು 4, 3, 2, 1. ಕೊನೆಗೆ ಆರಿಸಿದವರಿಗೆ ಎರಡನೇ ಸುತ್ತಿನಲ್ಲಿ ಮೊದಲ ಕೈ. ಒಬ್ಬರು ಅಟ್ಯೂನ್ ಆಗಬಹುದಾದದ್ದು, ಅಂದರೆ ಐಟಂನ ಶಕ್ತಿ ಬಳಸಲು ಅದರೊಂದಿಗೆ ಬೆಸೆದುಕೊಳ್ಳಬಹುದಾದದ್ದು, ಮೂರೇ ಐಟಂಗೆ, ಹಾಗಾಗಿ ದುರಾಸೆ ತಾನೇ ಕಡಿಮೆಯಾಗುತ್ತದೆ.

ರತ್ನ, ಆಭರಣ, ಕಲಾವಸ್ತು ಪೂರ್ತಿ ಬೆಲೆಗೆ ಮಾರಾಟವಾಗುತ್ತವೆ. ಸಾಮಾನ್ಯ ಆಯುಧ, ಕವಚಕ್ಕೆ ಅರ್ಧ ಬೆಲೆ. ವಜ್ರಗಳನ್ನು ಮಾರಲು ಬಿಡಬೇಡಿ ಎಂದು ಹಿರಿಯ ಪಾತ್ರದ ಬಾಯಲ್ಲಿ ಎಚ್ಚರಿಸಿ. ಸತ್ತವರನ್ನು ಎಬ್ಬಿಸುವ ಮಂತ್ರಗಳಿಗೆ ಅವು ಬೇಕು: ರಿವೈವಿಫೈಗೆ 300 ಗೋಲ್ಡಿನ ವಜ್ರ, ರೈಸ್ ಡೆಡ್‌ಗೆ 500, ರೆಸರೆಕ್ಷನ್‌ಗೆ 1,000. ಸಣ್ಣ ಊರಿನಲ್ಲಿ ಬೇಕೆಂದಾಗ ಇವು ಸಿಗುವುದಿಲ್ಲ, ಹಾಗಾಗಿ ನಿಧಿಯಲ್ಲಿ 300ರ ಎರಡು ವಜ್ರ ಇದ್ದೇ ಇರಲಿ.

ಖರ್ಚಿನ ದಾರಿ

ಹಳೆಯ ಆವೃತ್ತಿಗಳಲ್ಲಿ ತಂದ ಒಂದು ಗೋಲ್ಡಿಗೆ ಒಂದು ಎಕ್ಸ್‌ಪಿ (ಪಾತ್ರದ ಹಂತ ಏರಿಸುವ ಅನುಭವದ ಅಂಕ) ಸಿಗುತ್ತಿತ್ತು. ಐದನೆಯದರಲ್ಲಿ ಅದಿಲ್ಲ, ಹಾಗಾಗಿ ಹಣ ಕೈಯಲ್ಲೇ ಕೊಳೆಯುತ್ತದೆ. ಪೂರ್ತಿ ನಿಧಿಯನ್ನು ನಾಲ್ವರು ಹಂಚಿಕೊಂಡರೆ ತಲೆಗೆ 80,500. ದಿನಕ್ಕೆ 10 ಗೋಲ್ಡಿನಂತೆ ಶ್ರೀಮಂತರಾಗಿ ಬದುಕಿದರೂ 22 ವರ್ಷ ಸಾಗುತ್ತದೆ. ಕಟ್ಟಡದ ದರಗಳನ್ನು ಮುಂದಿಡಿ: ವ್ಯಾಪಾರದ ಠಾಣೆಗೆ 5,000 ಗೋಲ್ಡ್, 60 ದಿನ. ಸಣ್ಣ ಕೋಟೆಗೆ 50,000, 400 ದಿನ. ಗುಡಿಗೂ ಅಷ್ಟೇ. ಕೆರೆ, ಬಾವಿಗೆ ಪುಸ್ತಕದಲ್ಲಿ ದರವಿಲ್ಲ. 5,000 ಎಂದಿಟ್ಟುಕೊಂಡು ಲಕ್ಕುಂಡಿಯ ಮುಸುಕಿನ ಬಾವಿಯಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಬಾವಿ ಕಟ್ಟಿಸಲು ಹೇಳಿ. ಕಟ್ಟಿಸಿದ ಪಾತ್ರದ ಹೆಸರಿನಲ್ಲಿ ದಾನಶಾಸನವನ್ನು ಆ ಆಟಗಾರರೇ ಬರೆಯಲಿ, ಐದು ಸಾಲು ಸಾಕು, ಕೊನೆಯ ಶಾಪದ ಸಾಲೂ ಇರಲಿ.

ಗುಹೆಯಲ್ಲಿ ಬಿಟ್ಟುಬಂದ ತಾಮ್ರವನ್ನು ಮರೆಯಬೇಡಿ. 19 ಲಕ್ಷ ವೀಸ ಅಲ್ಲೇ ಬಿದ್ದಿದೆ, ಕಾಯಲು ಯಾರೂ ಇಲ್ಲ. ಆಟದ ಕಾಲದಲ್ಲಿ ಮೂರು ತಿಂಗಳು ಕಳೆದ ಮೇಲೆ ತಂಡ ಅದೇ ಊರಿಗೆ ಬಂದಾಗ ಸಂತೆಯಲ್ಲಿ ಒಬ್ಬ ಅಂಗಡಿಯವ ತಾಮ್ರ ಬೇಡವೆನ್ನಲಿ, ಇನ್ನೊಬ್ಬ ಬದನೆಕಾಯಿಗೆ ಮೂರು ಪಟ್ಟು ಕೇಳಲಿ. ಓಣಿಯ ಹುಡುಗರ ಬುಟ್ಟಿಗಳಲ್ಲಿ ಕರಿಹಿಡಿದ ನಾಣ್ಯ ಕಾಣಲಿ, ಒಂದೊಂದರ ಮೇಲೂ ಉಗುರಿನ ಗೀರು.